ಇಪ್ಪತ್ತು ತುಂಡಿನ ಆಟವನ್ನು ಒಂದು ಫೈಲು ಮಾಡುವುದು ಹೇಗೆ?

ಕುಮಟಾ ಕಡೆಯ ಒಂದು ಹಳ್ಳಿಯಲ್ಲಿ ಗದ್ದೆ ಬಯಲಿನ ಆಟ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಾರ್ಜರಿನ ವಯರನ್ನು ಜನರೇಟರ್ ಬೋರ್ಡಿಗೆ ಸಿಕ್ಕಿಸಿ, ನಾನು ಪಕ್ಕದಲ್ಲೇ ಚಾಪೆ ಹಾಸಿ ಕೂತಿದ್ದೆ. ರಾತ್ರಿ ಹತ್ತಕ್ಕೆ ಶುರುವಾದ ಯಕ್ಷಗಾನ ಬೆಳಗ್ಗೆ ಆರಕ್ಕೆ ಮಂಗಳವಾಯಿತು. ನಡುವೆ ಎಲ್ಲೂ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ. ಶಿರಸಿಗೆ ಬಂದು ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಇಪ್ಪತ್ತು ಫೈಲು!

ನೆಟ್‌ನಲ್ಲಿ ಹುಡುಕಿದೆ. ಮೊದಲು ಕಂಡ 'ಉಚಿತ' ಜಾಯಿನರ್ ಒಂದನ್ನು ಇಳಿಸಿಕೊಂಡೆ. ಇಪ್ಪತ್ತೂ ತುಂಡು ಅದಕ್ಕೆ ಹಾಕಿ ಬಟನ್ ಒತ್ತಿದೆ. ಹದಿನಾರು ಗಂಟೆ ಓಡಿತು. ಲ್ಯಾಪ್‌ಟಾಪಿನ ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿತ್ತು. ಮುಗಿದ ಮೇಲೆ ತೆರೆದರೆ ಭಾಗವತರ ಮುಖದ ಮೇಲೆ ಅಡ್ಡಡ್ಡ ಆ ಸಾಫ್ಟ್‌ವೇರಿನ ಹೆಸರು. ತೆಗೆಯಬೇಕೆಂದರೆ ದುಡ್ಡು ಕಟ್ಟಬೇಕಂತೆ. ಅದು ಹೋಗಲಿ, ಚಿತ್ರವೂ ಕೆಟ್ಟಿತ್ತು. ಕಿರೀಟದ ಕುಸುರಿ, ಮುಖದ ಬಣ್ಣದ ಸಣ್ಣ ಗೆರೆ, ಎಲ್ಲ ಎಣ್ಣೆ ಕೈಯಲ್ಲಿ ಒರೆಸಿದ ಹಾಗೆ ಮಸುಕು.

ಇವತ್ತು ಅದೇ ಇಪ್ಪತ್ತು ಫೈಲುಗಳನ್ನು ಅರ್ಧ ಗಂಟೆಯಲ್ಲಿ, ಒಂದು ಚುಕ್ಕಿಯೂ ಕೆಡದ ಹಾಗೆ, ಒಂದು ಪೈಸೆ ಕೊಡದೆ ಜೋಡಿಸುತ್ತೇನೆ. ಲ್ಯಾಪ್‌ಟಾಪ್ ಅದೇ. ನಾನೇನೂ ಜಾಣನಾಗಿಲ್ಲ. ಪ್ರಶ್ನೆ ಕೇಳುವ ಕ್ರಮ ಬದಲಾಗಿದೆ, ಅಷ್ಟೇ. ಮೊನ್ನೆ ತಮ್ಮನ ಮಗ ಬಂದು "ದೊಡ್ಡಪ್ಪ, ಜೋಡಿಸೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಎಂದ. "ಮೊದಲು ನಿನ್ನ ಹತ್ತಿರ ಇರೋ ಫೈಲು ಯಾವುದು ಹೇಳು" ಎಂದೆ. ಅವನಿಗೆ ಸ್ವಲ್ಪ ಸಿಟ್ಟು ಬಂತು. ಆದರೆ ಈ ವಿಷಯದಲ್ಲಿ ಉತ್ತರ ಇರುವುದು ಫೈಲಿನಲ್ಲೇ.

ಕ್ಯಾಮೆರಾ ಯಾಕೆ ತುಂಡು ಮಾಡುತ್ತದೆ ಅನ್ನುವುದರಿಂದ ಶುರು ಮಾಡೋಣ. ಮೆಮೊರಿ ಕಾರ್ಡಿನಲ್ಲಿ ಫೈಲುಗಳನ್ನು ಇಡಲು ಒಂದು ಪದ್ಧತಿ ಬೇಕು. 32 ಜಿಬಿವರೆಗಿನ ಕಾರ್ಡುಗಳಲ್ಲಿ ಬಳಸುವ ಪದ್ಧತಿಯ ಹೆಸರು ಫ್ಯಾಟ್32. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಲೆಕ್ಕ ಸರಿಯಾಗಿ ಹೇಳಬೇಕೆಂದರೆ 4,29,49,67,295 ಬೈಟು. ಅದಕ್ಕಿಂತ ದೊಡ್ಡ ಕಾರ್ಡುಗಳಲ್ಲಿ ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿ ಇದೆ, ಅಲ್ಲಿ ಈ ತೊಂದರೆ ಇಲ್ಲ. ಆದರೂ ಎಷ್ಟೋ ಕ್ಯಾಮೆರಾಗಳು ಹಳೆ ಅಭ್ಯಾಸ ಬಿಡದೆ 4 ಜಿಬಿಗೆ ಕತ್ತರಿಸುತ್ತವೆ. ನನ್ನದು ಸೆಕೆಂಡಿಗೆ 24 ಮೆಗಾಬಿಟ್ ಬರೆಯುವ ಹಳೆ ಹ್ಯಾಂಡಿಕ್ಯಾಮು. ಆ ವೇಗಕ್ಕೆ 4 ಜಿಬಿ ತುಂಬಲು 24 ನಿಮಿಷ ಸಾಕು. ಎಂಟು ಗಂಟೆಯ ಆಟಕ್ಕೆ ಇಪ್ಪತ್ತು ತುಂಡು, ಒಟ್ಟು 86 ಜಿಬಿ. ಲೆಕ್ಕ ಸರಿಹೋಯ್ತು, ಅಲ್ವಾ?

(ಹಳೆಯ ಕೆಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ಪೂರ್ತಿ ನಿಂತೇ ಹೋಗುತ್ತಿದ್ದವು. ಅದು ಬೇರೆ ಕತೆ. ಅರ್ಧ ಗಂಟೆ ದಾಟಿ ರೆಕಾರ್ಡ್ ಮಾಡಿದರೆ ಯುರೋಪಿನಲ್ಲಿ ಅದನ್ನು ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕುತ್ತಿದ್ದರು. ಅಲ್ಲಿಯ ಸುಂಕಕ್ಕೆ ಇಲ್ಲಿಯ ಆಟ ನಿಲ್ಲುತ್ತಿತ್ತು.)

ಇನ್ನು ಫೈಲಿನ ಒಳಗೆ ಏನಿದೆ ಎಂಬುದು. ಎಂಪಿ4, ಎಂಕೆವಿ, ಎಂಒವಿ, ಎಂಟಿಎಸ್ ಎಂದು ಹೆಸರಿನ ಕೊನೆಯಲ್ಲಿ ಇರುತ್ತದಲ್ಲ, ಅದು ಡಬ್ಬಿಯ ಹೆಸರು ಮಾತ್ರ. ಇದಕ್ಕೆ ಕಂಟೇನರ್ ಎನ್ನುತ್ತಾರೆ. ಡಬ್ಬಿಯೊಳಗಿನ ಸರಕು ಬೇರೆ: ಚಿತ್ರವನ್ನು ಒತ್ತಿ ಸಣ್ಣದು ಮಾಡಿದ ರೀತಿ ಒಂದು, ಧ್ವನಿಯನ್ನು ಒತ್ತಿದ ರೀತಿ ಇನ್ನೊಂದು. ಇದು ಕೊಡೆಕ್. ಚಿತ್ರಕ್ಕೆ ಈಗ ಹೆಚ್ಚಾಗಿ ಎಚ್.264, ಹೊಸ ಫೋನುಗಳಲ್ಲಿ ಎಚ್.265. ಧ್ವನಿಗೆ ಎಎಸಿ. ಹಳೆ ಹ್ಯಾಂಡಿಕ್ಯಾಮುಗಳಲ್ಲಿ ಎಸಿ-3.

ಕರಾವಳಿಯವರಿಗೆ ಇದನ್ನು ಹೇಳುವುದು ಸುಲಭ. ಕೊಂಕಣ ರೈಲ್ವೆಯ ರೋ-ರೋ ಗಾಡಿ ನೋಡಿರುತ್ತೀರಿ. ಕಾರವಾರ, ಅಂಕೋಲಾ, ಕುಮಟಾ ದಾಟಿ ಹೋಗುವ ಉದ್ದನೆಯ ರೈಲು, ಅದರ ಮೇಲೆ ಸಾಲಾಗಿ ಲಾರಿಗಳು. 1999ರಿಂದ ಓಡುತ್ತಿದೆ. ಲಾರಿಯಲ್ಲಿರುವ ಮೂಟೆಯನ್ನು ಯಾರೂ ಇಳಿಸುವುದಿಲ್ಲ. ಲೋಡು ಹಾಗೇ ಇದೆ, ರಸ್ತೆ ಬಿಟ್ಟು ಹಳಿ ಹಿಡಿದಿದೆ, ಅಷ್ಟೇ. ಎಂಟಿಎಸ್ ಫೈಲನ್ನು ಎಂಪಿ4 ಮಾಡುವಾಗ ಒಳಗಿನ ಚಿತ್ರ, ಧ್ವನಿ ಮುಟ್ಟದೆ ಡಬ್ಬಿ ಮಾತ್ರ ಬದಲಿಸಬಹುದು. ಇದೇ ರೋ-ರೋ. ಜೋಡಿಸುವುದೂ ಹೀಗೇ ಆಗಬಹುದು: ಎಲ್ಲ ತುಂಡುಗಳ ಸರಕು ಹೇಗಿತ್ತೋ ಹಾಗೇ ಒಂದೇ ರೈಲಿಗೆ ಏರುತ್ತದೆ. ಇದನ್ನು ನಷ್ಟವಿಲ್ಲದ ಜೋಡಣೆ ಎನ್ನಬಹುದು. ಸಾಫ್ಟ್‌ವೇರುಗಳಲ್ಲಿ 'ಕಾಪಿ' ಅಥವಾ 'ಲಾಸ್‌ಲೆಸ್' ಎಂಬ ಹೆಸರಲ್ಲಿ ಇರುತ್ತದೆ.

ಎರಡನೆಯ ದಾರಿಯಲ್ಲಿ ಪ್ರತಿ ಮೂಟೆಯನ್ನೂ ಬಿಚ್ಚಿ, ಸರಕನ್ನು ನೆಲದ ಮೇಲೆ ಸುರಿದು, ಮತ್ತೆ ಹೊಸ ಚೀಲಕ್ಕೆ ತುಂಬಬೇಕು. ಇದು ರೀ-ಎನ್‌ಕೋಡಿಂಗ್. ಸೆಕೆಂಡಿಗೆ 25 ಚಿತ್ರ ಎಂದರೂ ಎಂಟು ಗಂಟೆಗೆ ಏಳು ಲಕ್ಷದ ಇಪ್ಪತ್ತು ಸಾವಿರ ಚಿತ್ರ. ಒಂದೊಂದನ್ನೂ ಬಿಚ್ಚಿ ಮತ್ತೆ ಒತ್ತಬೇಕು. ಪ್ರತಿ ಸಲ ಒತ್ತುವಾಗಲೂ ಸ್ವಲ್ಪ ಸೋರುತ್ತದೆ. ನನ್ನ ಮೊದಲ ಜಾಯಿನರ್ ಮಾಡಿದ್ದು ಇದನ್ನೇ. ಮಾಡುವ ಅಗತ್ಯವೇ ಇರಲಿಲ್ಲ. ಎಲ್ಲ ತುಂಡೂ ಒಂದೇ ಕ್ಯಾಮೆರಾದ್ದು, ಒಂದೇ ಸೆಟ್ಟಿಂಗಿನದ್ದು.

ಶಿರಸಿ ಕಡೆಯವರಿಗೆ ಇನ್ನೂ ಒಂದು ಕಾರಣ ಇದೆ. ಮೇಳದ ತಿರುಗಾಟ ಮುಗಿದು, ಈ ಜೋಡಿಸುವ ಕೆಲಸಕ್ಕೆ ನಮಗೆ ಪುರುಸೊತ್ತಾಗುವುದು ಮಳೆಗಾಲದಲ್ಲಿ. ಆಷಾಢದಲ್ಲಿ ಹದಿನಾರು ಗಂಟೆ ಬಿಡದೆ ಕರೆಂಟು ಇರುವ ಹಳ್ಳಿ ಎಲ್ಲಿದೆ ಹೇಳಿ? ಗಾಳಿಗೆ ಒಂದು ಮರ ತಂತಿ ಮೇಲೆ ಬಿದ್ದರೆ ಮುಗಿಯಿತು. ಎಂಪಿ4 ಡಬ್ಬಿಗೆ ಒಂದು ವಿಷಯಸೂಚಿ ಇರುತ್ತದೆ, ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಪಟ್ಟಿ. ಸಾಮಾನ್ಯವಾಗಿ ಅದನ್ನು ಬರೆಯುವುದು ಕಟ್ಟಕಡೆಗೆ. ಹದಿನೈದನೇ ಗಂಟೆಯಲ್ಲಿ ಲ್ಯಾಪ್‌ಟಾಪ್ ಆರಿದರೆ ಅಷ್ಟೂ ಬರೆದದ್ದು ಇದ್ದೂ ಇಲ್ಲದ ಹಾಗೆ. ರೀ-ಎನ್‌ಕೋಡ್ ಮಾಡಲೇಬೇಕು ಎಂದಿದ್ದರೆ ಎಂಕೆವಿಗೆ ಮಾಡಿ. ಅದು ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ಓಡುತ್ತದೆ.

ಹಾಗಾದರೆ ಮೊದಲು ಮಾಡಬೇಕಾದ್ದು ಫೈಲುಗಳನ್ನು ತಪಾಸಣೆ ಮಾಡುವುದು. ಮೀಡಿಯಾಇನ್ಫೊ ಎಂಬ ಸಣ್ಣ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಎಳೆದು ಅದರೊಳಗೆ ಬಿಟ್ಟರೆ ಜಾತಕ ಪೂರ್ತಿ ಹೇಳುತ್ತದೆ. ಕೊಡೆಕ್ ಒಂದೇನಾ, ಅಗಲ ಎತ್ತರ ಒಂದೇನಾ, ಸೆಕೆಂಡಿಗೆ ಎಷ್ಟು ಫ್ರೇಮು (ಬಿಡಿ ಚಿತ್ರ), ಧ್ವನಿ 48,000 ಹರ್ಟ್ಸಾ 44,100ಆ, ಸ್ಟೀರಿಯೊನಾ ಮೋನೊನಾ. ಎಲ್ಲ ತುಂಡಿನ ಜಾತಕವೂ ಒಂದೇ ಇದ್ದರೆ ಎಡಿಟಿಂಗ್ ಸಾಫ್ಟ್‌ವೇರ್ ಮುಟ್ಟುವುದೇ ಬೇಡ.

ಜಾತಕ ಕೂಡಿಬಂದವರಿಗೆ ನಾನು ಮೊದಲು ಹೇಳುವುದು ಲಾಸ್‌ಲೆಸ್‌ಕಟ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮುಕ್ತ ತಂತ್ರಾಂಶ. ಗಿಟ್‌ಹಬ್ ಎಂಬ ತಾಣದಿಂದ ಇಳಿಸಿಕೊಂಡರೆ ಉಚಿತ. ಮೈಕ್ರೋಸಾಫ್ಟ್ ಸ್ಟೋರಿನಲ್ಲೂ ಆಪಲ್‌ನ ಅಂಗಡಿಯಲ್ಲೂ ದುಡ್ಡಿಗೆ ಸಿಗುತ್ತದೆ. ಅದು ಮಾಡಿದವರಿಗೆ ಕೊಡುವ ಕಾಣಿಕೆ ಎಂದುಕೊಳ್ಳಿ. ಫೈಲುಗಳನ್ನೆಲ್ಲ ಆಯ್ದು ಒಳಗೆ ಎಳೆದು ಹಾಕಿ, ಸಾಲಾಗಿ ಜೋಡಿಸಿ, ಮರ್ಜ್ ಒತ್ತಿದರೆ ಆಯಿತು. ತುಂಡುಗಳು ಒಂದಕ್ಕೊಂದು ಹೊಂದದಿದ್ದರೆ ಎಚ್ಚರಿಸುತ್ತದೆ. ಪ್ರತಿ ತುಂಡಿನ ಆರಂಭವನ್ನು ಒಂದೊಂದು ಅಧ್ಯಾಯವಾಗಿ ಗುರುತು ಮಾಡಿಯೂ ಕೊಡುತ್ತದೆ. ಎಂಟು ಗಂಟೆಯ ಆಟದಲ್ಲಿ ಬೇಕಾದ ಪದ್ಯ ಹುಡುಕುವವರಿಗೆ ಇದು ದೊಡ್ಡ ಉಪಕಾರ.

ಎಂಕೆವಿ ಡಬ್ಬಿ ಆದೀತು ಎನ್ನುವವರಿಗೆ ಎಂಕೆವಿಟೂಲ್‌ನಿಕ್ಸ್ ಇನ್ನೂ ಗಟ್ಟಿ. ಮೊದಲ ಫೈಲನ್ನು ಸೇರಿಸಿ, ಉಳಿದವನ್ನು 'ಅಪೆಂಡ್' ಮಾಡಬೇಕು. ಸುಮ್ನೆ 'ಆ್ಯಡ್' ಮಾಡಿದರೆ ಒಂದರ ಹಿಂದೆ ಒಂದು ಬರುವುದಿಲ್ಲ, ಒಂದರ ಮೇಲೊಂದು ಕೂರುತ್ತವೆ. ಎಷ್ಟೋ ಜನ ಎಡವುವುದು ಇಲ್ಲೇ. ಅವಿಡೆಮಕ್ಸ್ ಕೂಡ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ಚಿತ್ರಕ್ಕೂ ಧ್ವನಿಗೂ 'ಕಾಪಿ' ಎಂದೇ ಇರಲಿ.

ಇವುಗಳಲ್ಲಿ ಲಾಸ್‌ಲೆಸ್‌ಕಟ್ಟಿನ ಹೊಟ್ಟೆಯಲ್ಲಿ ಕೂತು ನಿಜವಾಗಿ ದುಡಿಯುವುದು ಎಫ್‌ಎಫ್‌ಎಂಪೆಗ್. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರು ಮಾಡಿದ್ದು. ಬಟನ್, ಚಿತ್ರ ಏನೂ ಇಲ್ಲ. ಕಪ್ಪು ಪರದೆಯಲ್ಲಿ ಟೈಪ್ ಮಾಡಬೇಕು. ನೋಟ್‌ಪ್ಯಾಡಿನಲ್ಲಿ ಸಾಲಿಗೊಂದರಂತೆ ಫೈಲುಗಳ ಪಟ್ಟಿ ಬರೆದು ಅದಕ್ಕೆ ಕೊಟ್ಟರೆ ಪಟ್ಟಿಯ ಕ್ರಮದಲ್ಲೇ ಜೋಡಿಸುತ್ತದೆ. ವರ್ಷಕ್ಕೆ ಒಂದು ಮದುವೆ ಜೋಡಿಸುವವರಿಗೆ ಬೇಡ. ವಾರಕ್ಕೊಂದು ಆಟ ಜೋಡಿಸುವವರು ಒಂದು ಮಧ್ಯಾಹ್ನ ಕೂತು ಕಲಿತರೆ ನಷ್ಟವಿಲ್ಲ.

ಕ್ರಮ ಎಂದಾಗ ನೆನಪಾಯಿತು. ಗೋಪ್ರೋ ಕ್ಯಾಮೆರಾಗಳು ತುಂಡುಗಳಿಗೆ ಹೆಸರಿಡುವ ರೀತಿ ವಿಚಿತ್ರ. ಒಂದೇ ರೆಕಾರ್ಡಿಂಗಿನ ತುಂಡುಗಳು ಜಿಎಚ್010034, ಜಿಎಚ್020034, ಜಿಎಚ್030034 ಎಂದು ಬರುತ್ತವೆ. ಮೊದಲ ಎರಡು ಅಂಕೆ ತುಂಡಿನ ಸಂಖ್ಯೆ, ಕೊನೆಯ ನಾಲ್ಕು ರೆಕಾರ್ಡಿಂಗಿನ ಸಂಖ್ಯೆ. ನೀವು ಎರಡು ಮೂರು ಸಲ ರೆಕಾರ್ಡ್ ಮಾಡಿ, ಹೆಸರಿನ ಪ್ರಕಾರ ಸಾಲು ಹಚ್ಚಿದರೆ ಎಲ್ಲ ರೆಕಾರ್ಡಿಂಗಿನ ಒಂದನೇ ತುಂಡುಗಳು ಮೊದಲು, ಆಮೇಲೆ ಎಲ್ಲದರ ಎರಡನೇ ತುಂಡುಗಳು! ಪರಿಚಯದವರೊಬ್ಬರು ಹೀಗೆ ಜೋಡಿಸಿದ ಆಟದಲ್ಲಿ ಭೀಮನ ಕೈಯಲ್ಲಿ ಸತ್ತ ಕೀಚಕ ಎದ್ದು ಬಂದು ಸೈರಂಧ್ರಿಯ ಹತ್ತಿರ ಸರಸದ ಮಾತಾಡುತ್ತಿದ್ದ. ಸಾಲು ಹಚ್ಚುವಾಗ ಹೆಸರಿನ ಬದಲು ಚಿತ್ರೀಕರಿಸಿದ ಸಮಯವನ್ನು ನಂಬಿ.

ಈಗ ಚಂಡೆಯ ವಿಷಯ. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಷ್ಟವಿಲ್ಲದ ಜೋಡಣೆಯಲ್ಲೂ ಒಂದು ಸಣ್ಣ ನಷ್ಟ ನುಸುಳುವ ಜಾಗ ಇದೇ. ಧ್ವನಿ ಫೈಲಿನೊಳಗೆ ಸಣ್ಣ ಸಣ್ಣ ಕಟ್ಟುಗಳಾಗಿ ಇರುತ್ತದೆ. ನನ್ನ ಹ್ಯಾಂಡಿಕ್ಯಾಮಿನ ಎಸಿ-3 ಧ್ವನಿಯಲ್ಲಿ ಒಂದು ಕಟ್ಟಿಗೆ 32 ಮಿಲಿಸೆಕೆಂಡು. ಕ್ಯಾಮೆರಾ 4 ಜಿಬಿ ತುಂಬಿತೆಂದು ಕತ್ತರಿಸುವಾಗ ಕಟ್ಟಿನ ಕೊನೆ ನೋಡಿ ಕತ್ತರಿಸಬೇಕೆಂದಿಲ್ಲ. ಅರ್ಧ ಕಟ್ಟು ಈ ಫೈಲಿನಲ್ಲಿ, ಇನ್ನರ್ಧ ಮುಂದಿನ ಫೈಲಿನಲ್ಲಿ ಉಳಿಯಬಹುದು. ಚಿತ್ರದ್ದೂ ಹಾಗೇ. ಜೋಡಿಸುವ ಸಾಫ್ಟ್‌ವೇರ್ ಪ್ರತಿ ತುಂಡನ್ನೂ ಬೇರೆ ಬೇರೆ ತೆರೆದು ಓದಿದರೆ, ಎರಡೂ ಕಡೆಯ ಅರ್ಧರ್ಧ ಅದಕ್ಕೆ ಅರ್ಥವಾಗುವುದಿಲ್ಲ, ಎಸೆದುಬಿಡುತ್ತದೆ. ಮಾತು ನಡೆಯುತ್ತಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಆದರೆ ಯುದ್ಧದ ಸನ್ನಿವೇಶದಲ್ಲಿ ಚಂಡೆ ಜೋರಾಗಿ ಬಾರಿಸುತ್ತಿರುವಾಗ ಬಂದರೆ? ಒಂದು ಪೆಟ್ಟು ಮಾಯ. ತಾಳ ಕಾಲು ಜಾರಿದ ಹಾಗೆ ಕೇಳುತ್ತದೆ.

ಎಂಟಿಎಸ್ ಫೈಲುಗಳಿಗೆ ಇದಕ್ಕೊಂದು ಮದ್ದಿದೆ. ಮದ್ದು ತೀರಾ ಹಳೆಯದು. ಎಂಟಿಎಸ್‌ನ ಮೂಲ ಟಿವಿ ಪ್ರಸಾರ. ಆಂಟೆನಾಗೆ ಬರುವ ಪ್ರವಾಹವನ್ನು ಎಲ್ಲಿಂದ ಬೇಕಾದರೂ ಹಿಡಿದು ನೋಡಬಹುದಲ್ಲ, ಹಾಗೆ. ಅದಕ್ಕೆ ಎಂಪಿ4ರಂತೆ ವಿಷಯಸೂಚಿ ಬೇಡ. ಆದ್ದರಿಂದ ಫೈಲುಗಳನ್ನು ತೆರೆಯದೆಯೇ ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಬಹುದು, ಮಲ್ಲಿಗೆ ಮೊಳಕ್ಕೆ ಮೊಳ ಗಂಟು ಹಾಕಿದ ಹಾಗೆ. ಅರ್ಧ ಕಟ್ಟಿಗೆ ಉಳಿದರ್ಧ ತಾನಾಗಿ ಸೇರಿಕೊಳ್ಳುತ್ತದೆ. ವಿಂಡೋಸಿನ ಕಪ್ಪು ಪರದೆಯಲ್ಲಿರುವ ಡಾಸ್ ಕಾಲದ ಕಾಪಿ ಆಜ್ಞೆಗೆ ಬೈನರಿ ಎಂದು ಸೂಚಿಸಿ, ಫೈಲಿನ ಹೆಸರುಗಳ ನಡುವೆ ಪ್ಲಸ್ ಚಿಹ್ನೆ ಹಾಕಿದರೆ ಸಾಕು. ಹಾಗೆ ಬಂದ ದೊಡ್ಡ ಎಂಟಿಎಸ್ಸನ್ನು ಆಮೇಲೆ ರೋ-ರೋ ಮಾಡಿ ಬೇರೆ ಡಬ್ಬಿಗೆ ಹಾಕಿಕೊಳ್ಳಿ. ಎಂಪಿ4 ಫೈಲುಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಂಟಿಸಿದರೆ ಗಾತ್ರ ದೊಡ್ಡದಾಗುತ್ತದೆ, ಓಡಿಸಿದರೆ ಮೊದಲ ತುಂಡು ಮುಗಿದ ಕೂಡಲೇ ನಿಲ್ಲುತ್ತದೆ. ಪ್ಲೇಯರು ಮೊದಲ ತುಂಡಿನ ಸೂಚಿಯನ್ನಷ್ಟೇ ಓದಿರುತ್ತದೆ.

ಜಾತಕ ಕೂಡದವರ ಕತೆ ಬೇರೆ. ತಮ್ಮನ ಮಗ ತಂದದ್ದು ಅಂಥದ್ದೇ: ಮದುವೆ. ಒಂದು ಕ್ಯಾಮೆರಾದ ಫೈಲು ಸೆಕೆಂಡಿಗೆ 25 ಫ್ರೇಮಿನದ್ದು, ಎರಡು ಫೋನಿನ ಫೈಲು 30 ಫ್ರೇಮಿನದ್ದು, ಅದರಲ್ಲೊಂದು ಎಚ್.265. ಅತ್ತೆ ಫೋನನ್ನು ನೆಟ್ಟಗೆ ನಿಲ್ಲಿಸಿ ಹಿಡಿದ ಉದ್ದುದ್ದ ವಿಡಿಯೊ ಆರು. ವಾಟ್ಸ್‌ಆ್ಯಪಿನಲ್ಲಿ ಬಂದ ಕಿರುಗಾತ್ರದವು ಹತ್ತಾರು. ಇವನ್ನು ಕಾಪಿ ಮಾಡಿ ಜೋಡಿಸಲು ಹೋದರೆ ಫೈಲೇನೋ ಬರುತ್ತದೆ. ಆದರೆ ಪ್ಲೇಯರು ಆರಂಭದಲ್ಲಿ ಓದಿಕೊಂಡ ಸೂಚನೆ ಮೊದಲ ತುಂಡಿನದ್ದು. ಎರಡನೆಯದು ಬಂದಾಗ ಆ ಸೂಚನೆ ಹೊಂದದೆ ಚಿತ್ರ ಹಸಿರಾಗುತ್ತದೆ, ಚೂರಾಗುತ್ತದೆ, ಇಲ್ಲವೇ ನಿಂತುಬಿಡುತ್ತದೆ. ನಿಲ್ಲಿಸಿ ಹಿಡಿದ ವಿಡಿಯೊಗಳಲ್ಲಿ 'ತಿರುಗಿಸಿ ತೋರಿಸು' ಎಂಬ ಚೀಟಿ ಮಾತ್ರ ಅಂಟಿಸಿರುತ್ತಾರೆ. ಜೋಡಿಸುವಾಗ ಆ ಚೀಟಿ ಬಿದ್ದುಹೋದರೆ ಮದುಮಗಳು ಧಾರೆ ಮಂಟಪದಲ್ಲಿ ಅಡ್ಡ ಮಲಗಿಕೊಂಡೇ ಮಾಲೆ ಹಾಕುತ್ತಾಳೆ.

ಇಲ್ಲಿ ರೀ-ಎನ್‌ಕೋಡಿಂಗ್ ತಪ್ಪಿಸಲಾಗದು, ಎಡಿಟರ್ ಬೇಕೇ ಬೇಕು. ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಮೂರೂ ಉಚಿತ, ಹೆಸರಿನ ಮುದ್ರೆ ಒತ್ತುವುದಿಲ್ಲ. ಹಳೆ ಲ್ಯಾಪ್‌ಟಾಪಿಗೆ ನಾನು ಶಾಟ್‌ಕಟ್ ಹೇಳುತ್ತೇನೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಿನಿಮಾದವರು ಬಳಸುವ ದರ್ಜೆಯದು, ಬಣ್ಣ ತಿದ್ದಲು ಅದರಷ್ಟು ಒಳ್ಳೆಯದು ಉಚಿತದಲ್ಲಿ ನಾನು ಕಂಡಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡು ಕೇಳುತ್ತದೆ, ಲಿನಕ್ಸಿನಲ್ಲಿ ಉಚಿತ ಆವೃತ್ತಿ ಎಚ್.264 ಓದುವುದೇ ಇಲ್ಲ. ಬರೀ ಜೋಡಿಸುವುದಕ್ಕೆ ಅದನ್ನು ಹಾಕಿಕೊಳ್ಳುವುದು ಒಂದು ಗೊನೆ ಬಾಳೆಕಾಯಿ ಸಾಗಿಸಲು ಲಾರಿ ಕರೆಸಿದ ಹಾಗೆ.

ಎಡಿಟರಿನಲ್ಲಿ ಮೊದಲು ನಿರ್ಧರಿಸಬೇಕಾದ್ದು ಕೊನೆಯ ಫೈಲಿನ ಅಳತೆ. ಹೆಚ್ಚಿನ ಪಾಲು ಯಾವ ಅಳತೆಯದೋ ಅದನ್ನೇ ಇಟ್ಟುಕೊಳ್ಳಿ. ನಮ್ಮಲ್ಲಿ ಕ್ಯಾಮೆರಾಗಳು ಹೆಚ್ಚಾಗಿ 25 ಅಥವಾ 50, ಫೋನುಗಳು 30. ಮಿಶ್ರ ಮಾಡಿದಾಗ ಒಂದು ಕಡೆ ಸ್ವಲ್ಪ ಕುಲುಕಾಟ ಬಂದೇ ಬರುತ್ತದೆ, ಅದು ಕಡಿಮೆ ಪಾಲಿನ ಕಡೆ ಇರಲಿ. ಫೋನಿನ ವಿಡಿಯೊಗಳಿಗೆ ಇನ್ನೊಂದು ರೋಗ: ಫ್ರೇಮುಗಳ ವೇಗ ಒಂದೇ ಸಮ ಇರುವುದಿಲ್ಲ, ಬೆಳಕು ಕಡಿಮೆಯಾದರೆ ನಿಧಾನವಾಗುತ್ತದೆ. ಜೋಡಿಸಿದ ಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಅಂಥವನ್ನು ಮೊದಲೇ ಹ್ಯಾಂಡ್‌ಬ್ರೇಕ್ ಎಂಬ, ರೀ-ಎನ್‌ಕೋಡ್ ಮಾಡುವ ಸಾಫ್ಟ್‌ವೇರಿನಲ್ಲಿ ಹಾಕಿ 'ಕಾನ್ಸ್‌ಟಂಟ್ ಫ್ರೇಮ್ ರೇಟ್' ಮಾಡಿಕೊಂಡರೆ ಸಮಸ್ಯೆ ಇಲ್ಲ. ಹ್ಯಾಂಡ್‌ಬ್ರೇಕ್ ಎಂದರೆ ಜೋಡಿಸುವ ಸಾಫ್ಟ್‌ವೇರ್ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಅದಕ್ಕೆ ಎರಡು ಫೈಲು ಜೋಡಿಸಲು ಬರುವುದೇ ಇಲ್ಲ.

ವಾಟ್ಸ್‌ಆ್ಯಪ್ ತುಂಡುಗಳಿಗೆ ಯಾವ ಸಾಫ್ಟ್‌ವೇರೂ ಜೀವ ತುಂಬುವುದಿಲ್ಲ. ಕಳಿಸಿದವರಿಗೆ ಫೋನ್ ಮಾಡಿ, ವಿಡಿಯೊ ಎಂದು ಕಳಿಸದೆ 'ಡಾಕ್ಯುಮೆಂಟ್' ಎಂದು ಕಳಿಸಲು ಹೇಳಿ. 2 ಜಿಬಿವರೆಗೆ ಹೋಗುತ್ತದೆ, ಗುಣಮಟ್ಟ ಕೆಡುವುದಿಲ್ಲ.

ಆನ್‌ಲೈನಿನಲ್ಲೇ ಜೋಡಿಸಿಕೊಡುವ ತಾಣಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೆಕೆಂಡಿಗೆ 10 ಮೆಗಾಬಿಟ್ ಮೇಲಕ್ಕೆ ಹೋಗುವ ನೆಟ್ ಇದ್ದರೂ ನನ್ನ ಒಂದು 4 ಜಿಬಿ ತುಂಡು ಏರಲು ಐವತ್ತೇಳು ನಿಮಿಷ. ಇಪ್ಪತ್ತು ತುಂಡಿಗೆ ಹತ್ತೊಂಬತ್ತು ಗಂಟೆ. ಮನೆಯವರ ಮದುವೆಯ ವಿಡಿಯೊ ಯಾರದೋ ಕಂಪ್ಯೂಟರಿನಲ್ಲಿ ಕೂರುವುದು ಬೇರೆ. ಎರಡು ಸಣ್ಣ ಕ್ಲಿಪ್ಪಿಗೆ ಸರಿ, ಅದಕ್ಕಿಂತ ದೊಡ್ಡದಕ್ಕೆ ಬೇಡ.

ಜೋಡಿಸುವ ಮೊದಲು ಡಿಸ್ಕಿನಲ್ಲಿ ಜಾಗ ನೋಡಿ. ತುಂಡುಗಳಿಗೆ 86 ಜಿಬಿ, ಜೋಡಿಸಿದ್ದಕ್ಕೆ ಇನ್ನೊಂದು 86. ಯೂಟ್ಯೂಬಿಗೆ ಹಾಕುವುದಾದರೆ ಅದರ ಮಿತಿ 12 ಗಂಟೆ ಅಥವಾ 256 ಜಿಬಿ, ಯಾವುದು ಮೊದಲು ಮುಟ್ಟುತ್ತದೋ ಅದು. ಒಂದು ಆಟ ಆರಾಮಾಗಿ ಹಿಡಿಸುತ್ತದೆ. ಇನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ನೋಡೋಣ ಎಂದು ಹೊರಟರೆ ಬಂದ ದಾರಿಗೇ ವಾಪಸು: ಪೆನ್‌ಡ್ರೈವು ಫ್ಯಾಟ್32 ಆಗಿದ್ದರೆ "ಫೈಲು ತೀರಾ ದೊಡ್ಡದು" ಎಂದು ನಿರಾಕರಿಸುತ್ತದೆ. ಅದೇ 4 ಜಿಬಿಯ ಗೋಡೆ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟಿಗೆ ಫಾರ್ಮ್ಯಾಟ್ ಮಾಡಿ. ನಿಮ್ಮ ಹಳೆ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ, ಕ್ಷಮಿಸಿ, ತುಂಡುಗಳನ್ನೇ ಹಾಕಿ ನೋಡಿ. ಜೋಡಿಸಿದ ಶ್ರಮ ದಂಡ.

ಕಾರ್ಡನ್ನು ಅಳಿಸಬೇಡಿ, ಜೋಡಣೆ ಪರೀಕ್ಷೆ ಆಗುವವರೆಗೆ. ಇಪ್ಪತ್ತು ತುಂಡಿಗೆ ಹತ್ತೊಂಬತ್ತು ಜೋಡಣೆ. ಎಂಟು ಗಂಟೆ ಪೂರ್ತಿ ನೋಡಬೇಕಿಲ್ಲ. ಪ್ರತಿ ಜೋಡಣೆಯ ಹತ್ತಿರ ಹತ್ತು ಸೆಕೆಂಡು ಸಾಕು, ಒಟ್ಟು ಮೂರು ನಿಮಿಷ ಹತ್ತು ಸೆಕೆಂಡಿನ ಕೆಲಸ. ಹೆಡ್‌ಫೋನ್ ಹಾಕಿಕೊಳ್ಳಿ.

ನಾನು ಹಾಕಿಕೊಂಡಿರಲಿಲ್ಲ. ಕಾಪಿ ಆಜ್ಞೆಯ ಉಪಾಯ ಗೊತ್ತಾಗುವ ಮೊದಲಿನ ಮಾತು. ಆಟವನ್ನು ಜೋಡಿಸಿ, ಹತ್ತೊಂಬತ್ತೂ ಕಡೆ ಕಣ್ಣಲ್ಲಿ ನೋಡಿ, ಎಲ್ಲ ಸರಿ ಇದೆ ಎಂದು ಪಕ್ಕದ ಮನೆಗೆ ಕೊಟ್ಟು ಬಂದೆ. ಆ ಮನೆಯ ಅಜ್ಜ ಒಂದು ಕಾಲದಲ್ಲಿ ಆಟದ ಹುಚ್ಚಿಗೆ ಊರೂರು ನಡೆದವರು, ಈಗ ಕಣ್ಣು ಮಂಜು. ಟಿವಿ ಮುಂದೆ ಕೂತು ಕಣ್ಣು ಮುಚ್ಚಿಯೇ ಕೇಳುತ್ತಿದ್ದರಂತೆ. ಸಂಜೆ ಕಾಫಿಗೆ ಕರೆದರು. ಲೋಟ ಕೈಗೆ ಕೊಡುತ್ತಾ ಕೇಳಿದರು: "ಚಂಡೆಯವ ಅಲ್ಲೊಂದು ಪೆಟ್ಟು ಬಿಟ್ಟನಲ್ಲ ಮಾರಾಯ, ಅವ ಬಿಡುವವ ಅಲ್ಲವಲ್ಲ?"